ಬಗ್ದಾದಿನ ಪುಸ್ತಕ ವ್ಯಾಪಾರಿ

ಹತ್ತನೇ ಶತಮಾನದ ಬಗ್ದಾದಿನ ಜನರು ಏನನ್ನು ಓದುತ್ತಿದ್ದರು? ಇದಕ್ಕೆ ಉತ್ತರ ಬರೆದಿಟ್ಟವರು ಅಲ್ಲಿನ ಪುಸ್ತಕ ವ್ಯಾಪಾರಿ ಇಬ್ನುನ್ನದೀಮ್. ಕ್ರಿ.ಶ. 987ರಲ್ಲಿ (ಹಿಜರಿ 377) ಅವರು ರಚಿಸಿದ 'ಅಲ್ ಫಿಹ್ರಿಸ್ತ್' ಅರಬಿ ಗ್ರಂಥಗಳ ಬೃಹತ್ ಪಟ್ಟಿ. ಅದರಲ್ಲಿ ಹತ್ತು ಅಧ್ಯಾಯಗಳಿವೆ. ಕುರ್‌ಆನ್ ಸಂಬಂಧಿ ಕೃತಿಗಳ ಜೊತೆಗೆ ಯಹೂದಿ, ಕ್ರೈಸ್ತ ಗ್ರಂಥಗಳಿಗೂ, ಗ್ರೀಕ್ ತತ್ವಶಾಸ್ತ್ರಕ್ಕೂ, ಭಾರತದ ಚರಕ, ಸುಶ್ರುತರ ವೈದ್ಯಗ್ರಂಥಗಳ ಅನುವಾದಗಳಿಗೂ ಅಲ್ಲಿ ಸ್ಥಾನವಿದೆ.

ಓದುಗರ ಪರಿಚಯವೂ ಅದರಲ್ಲಿದೆ. ಜಾಹಿಝ್ ಪುಸ್ತಕದಂಗಡಿಗಳನ್ನೇ ಬಾಡಿಗೆಗೆ ಪಡೆದು ರಾತ್ರಿಯೆಲ್ಲಾ ಓದುತ್ತಿದ್ದರಂತೆ. ಫತ್‌ಹ್ ಬಿನ್ ಖಾಕಾನ್, ಖಲೀಫ ಮುತವಕ್ಕಿಲ್ ಸಭೆಯಿಂದ ಎದ್ದುಹೋದ ಕೂಡಲೇ ಅಂಗಿಯ ತೋಳಿನೊಳಗಿಂದ ಪುಸ್ತಕ ತೆಗೆದು ಓದುತ್ತಿದ್ದರಂತೆ.

ಇಬ್ನುನ್ನದೀಮರು ತಮ್ಮ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. 'ಸಾವಿರದೊಂದು ರಾತ್ರಿಗಳು' ಕೃತಿಗೆ ಮೂಲವೆನ್ನಲಾದ 'ಹಝಾರ್ ಅಫ್ಸಾನ್' ಅನ್ನು ಹಲವು ಬಾರಿ ಪೂರ್ಣವಾಗಿ ಕಂಡಿದ್ದ ಅವರಿಗೆ ಅದು ಕಳಪೆ ಎನಿಸಿತ್ತು. ಆದರೂ ಅದನ್ನು ಪಟ್ಟಿಯಿಂದ ಕೈಬಿಡಲಿಲ್ಲ.

1258ರಲ್ಲಿ ಮಂಗೋಲರು ಬಗ್ದಾದನ್ನು ನಾಶಪಡಿಸಿದರು. ಫಿಹ್ರಿಸ್ತ್‌ನಲ್ಲಿ ಹೆಸರಿಸಲಾದ ಬಹುಪಾಲು ಗ್ರಂಥಗಳು ಇಂದು ಇಲ್ಲ. ಅನೇಕ ಕೃತಿಗಳ ಪಾಲಿಗೆ ಈ ಪಟ್ಟಿಯೊಂದೇ ಸಾಕ್ಷಿ. 'ಹಝಾರ್ ಅಫ್ಸಾನ್' ಕೂಡಾ ಅಳಿದುಹೋಗಿದೆ. ಅದರ ವಿಷಯ ನಮಗೆ ತಲುಪಿಸಿದವರಲ್ಲಿ ಅದನ್ನು ಮೆಚ್ಚದ ಈ ಓದುಗರೂ ಒಬ್ಬರು. ಓದಿದ್ದನ್ನು ನಾಲ್ಕು ಮಂದಿಗೆ ಹೇಳುವುದರಿಂದ ಆಗುವ ಉಪಕಾರ ಸಣ್ಣದೇನಲ್ಲ.