ಹುಲ್ಲಿಗೊಂದು ಕಾವಲು

ಹುಲ್ಲು ಮತ್ತು ಕಾವಲು ಎಂಬ ಎರಡು ಪದಗಳು ಕೂಡಿ ‘ಹುಲ್ಲುಗಾವಲು’ ಆಗಿದೆ. ಶಾಲೆಯಲ್ಲಿ ಸಂಧಿ ಬಿಡಿಸುವಾಗ ಕಕಾರಕ್ಕೆ ಗಕಾರ ಆದೇಶವಾಗಿ ಬಂದುದನ್ನು ಗಮನಿಸುತ್ತೇವೆ; ಅರ್ಥವನ್ನು ಗಮನಿಸುವುದಿಲ್ಲ. ದನ ಮೇಯುವ ಬಯಲಿಗೆ ಹೆಸರಿಡುವಾಗ ಕನ್ನಡಿಗರು ಕಾಯುವ ಹೊಣೆಯನ್ನೂ ಆ ಹೆಸರಿನೊಳಗೇ ಇರಿಸಿದರು.

ಆ ಹೊಣೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಮೈಸೂರಿನ ಅಮೃತಮಹಲ್ ಕಾವಲುಗಳ ಚರಿತ್ರೆಯೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. 1799ರ ತರುವಾಯ ಅದು ಇಂಗ್ಲಿಷರ ವಶಕ್ಕೆ ಬಂದಿತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಋತು ತಿರುಗಿದಂತೆ ಹಿಂಡು ಮುಂದಕ್ಕೆ ಸಾಗುತ್ತಿತ್ತು. ಹಿಂದೆ ಬಿಟ್ಟ ಬಯಲಿನಲ್ಲಿ ಹುಲ್ಲು ತೆನೆಗಟ್ಟಿ ಬೀಜ ಉದುರಿಸುತ್ತಿತ್ತು. ಕಾವಲು ಹಸುವಿನ ವಿರುದ್ಧವಾಗಿರಲಿಲ್ಲ, ಹಸುವಿಗಾಗಿಯೇ ಇತ್ತು. ಹೀಗಿದ್ದೂ, ಒಂದು ಕಾಲಕ್ಕೆ 4 ಲಕ್ಷ ಎಕರೆಯನ್ನು ಮೀರಿದ್ದ ಆ ಬಯಲುಗಳಲ್ಲಿ ಇಂದು ಉಳಿದಿರುವುದು ಸಣ್ಣದೊಂದು ಪಾಲು.

ಇನ್ನು ತಂಬ್ರಹಳ್ಳಿಯ ಕಡೆಗೆ ಬರೋಣ. 1800ರಿಂದ 1953ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ಬಳ್ಳಾರಿ ಸೀಮೆಯ ಊರು ಇದು. ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ತುಂಗಭದ್ರೆಗೆ ಅಣೆಕಟ್ಟು ಎದ್ದ ಮೇಲೆ ಈ ತಾಲ್ಲೂಕಿನ ಅಂಚಿಗೆ ಹಿನ್ನೀರು ಬಂದು ನಿಂತಿತು. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಕಪ್ಪುಮಣ್ಣಿನ ಬಯಲು ತೆರೆದುಕೊಂಡು ಹಸಿರಾಗುತ್ತದೆ. ಇದೇ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಳೆಯ ಕೆರೆಯಲ್ಲಿ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೂರು ಹೆಕ್ಟೇರಿಗೂ ತುಸು ಕಡಿಮೆಯಾದ ಆ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಜೌಗುನೆಲಗಳ ಒಪ್ಪಂದದ ಪಟ್ಟಿ ಅದು.

ಇಂಥ ನೆಲಕ್ಕೆ ಕೇಡು ಎರಡು ದಾರಿಯಿಂದ ಬರಬಹುದು. ದನ ಮಿತಿಮೀರಿ ಒಂದೇ ಕಡೆ ನಿಂತರೆ ಗೊರಸಿನ ತುಳಿತಕ್ಕೆ ನೀರಂಚಿನ ಹುಲ್ಲು ಬೇರುಸಹಿತ ಕೀಳುತ್ತದೆ. ಆದರೆ ಗೊರಸು ಊರಿ ಎದ್ದು ಹೋಗುತ್ತದೆ; ಬಯಲಿಗಿಳಿದ ಜೀಪಿನ ಗಾಲಿ ಸಾಲಾಗಿ ಉರುಳುತ್ತ ಹೋಗುತ್ತದೆ. ಒತ್ತಿದ ಮಣ್ಣು ಗಟ್ಟಿಯಾಗಿ ಮಳೆಯನ್ನು ಕುಡಿಯಲಾರದು, ಮೊಳಕೆಯನ್ನು ಬಿಡಲಾರದು. ಬರಿನೆಲದ ಮೇಲೆ ಮಣ್ಣಿನ ಬಣ್ಣದ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಗೆ ಆ ಬಣ್ಣವೇ ರಕ್ಷೆ. ನರಿಯ ಕಣ್ಣನ್ನು ತಪ್ಪಿಸಿದ ಮೊಟ್ಟೆ ಗಾಲಿಯನ್ನು ತಪ್ಪಿಸಲಾರದು.

ಬೇಲಿ ಹಾಕಿ ಎಲ್ಲರನ್ನೂ ಹೊರಗಿಡೋಣವೆಂದರೆ ಬಡವನ ಎಮ್ಮೆ ಎಲ್ಲಿ ಮೇಯಬೇಕು? ನೂರು ದನಗಳಿಗೆ ಹನ್ನೆರಡು ಹೆಕ್ಟೇರಿನಂತೆ ಗೋಮಾಳ ಬಿಡಬೇಕೆಂದು ಕರ್ನಾಟಕದ 1966ರ ಭೂಕಂದಾಯ ನಿಯಮಗಳೇ ಹೇಳುತ್ತವೆ. ಸಂರಕ್ಷಣಾ ಮೀಸಲಿನ ಕಾನೂನು ಕೂಡ, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಪಶುಸಂಗೋಪನಾ ಇಲಾಖೆಗೂ ಸ್ಥಾನ ಕೊಟ್ಟಿದೆ. ದನದ ಪರವಾಗಿ ಮಾತನಾಡಲು ಅಲ್ಲಿ ಜಾಗವಿದೆ. ಮೋಜಿಗಾಗಿ ಓಡುವ ಗಾಲಿಗೆ ಇಲ್ಲ, ಇರಬೇಕಾಗಿಯೂ ಇಲ್ಲ.

ಯಾವ ತಿಂಗಳು ಯಾವ ಬಯಲಿಗೆ ದನ ಬಿಡಬೇಕು, ಹಕ್ಕಿ ಕಾವಿಗೆ ಕೂತಾಗ ಯಾವ ದಂಡೆಯನ್ನು ಬಿಟ್ಟುಕೊಡಬೇಕು ಎಂಬುದನ್ನು ಊರವರೇ ಕೂತು ಗೊತ್ತುಮಾಡಲಿ; ಬಂಡಿದಾರಿಯನ್ನು ಬಿಟ್ಟು ಗಾಲಿ ಕೆಳಗಿಳಿಯದಂತೆ ಅವರೇ ತಡೆಯಲಿ. ನಮ್ಮ ಹಿರಿಯರು ಮೂರು ಋತುಗಳಿಗೆ ಮೂರು ಕಾವಲು ಮಾಡಿದ್ದು ಇದೇ ಬುದ್ಧಿಯಿಂದ. ಹುಲ್ಲುಗಾವಲಿನಿಂದ ಕಾವಲು ಕಳಚಿಹೋದರೆ ಹುಲ್ಲೂ ಬಹಳ ದಿನ ಉಳಿಯುವುದಿಲ್ಲ.