ಸೆರೆಯೂ ಶಿಕ್ಷೆಯೂ: ಬೆಜವಾಡದಿಂದ ವಿಶಾಖಪಟ್ಟಣದವರೆಗೆ

ರಾಜ್ಯೋತ್ಸವದ ಸಂಚಿಕೆಗೆ ಸೆರೆಮನೆಯ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ 1956ರ ನವೆಂಬರ್ 1ರಂದು ವಿಶಾಲ ಮೈಸೂರೂ ಆಂಧ್ರ ಪ್ರದೇಶವೂ ಒಂದೇ ದಿನ ರೂಪುಗೊಂಡಾಗ, ಶಾಲೆ ಕಚೇರಿಗಳೊಂದಿಗೆ ಸೆರೆಮನೆಗಳೂ ಆಯಾ ರಾಜ್ಯದ ಪಾಲಿಗೆ ಬಂದುವು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಾರಾಗೃಹವು ರಾಜ್ಯಗಳ ಪಟ್ಟಿಗೆ ಸೇರಿದೆ. ಯಾವ ಅಪರಾಧಕ್ಕೆ ಯಾವ ಶಿಕ್ಷೆ ಎಂಬುದನ್ನು ಮುಖ್ಯವಾಗಿ ಇಡೀ ದೇಶಕ್ಕೆ ಒಂದೇ ಆದ ದಂಡಸಂಹಿತೆಯು ಹೇಳುತ್ತದೆ. ಆ ಶಿಕ್ಷೆಯನ್ನು ಅನುಭವಿಸುವ ಮನೆಯ ಕಟ್ಟುಕಟ್ಟಳೆಗಳನ್ನು ರಾಜ್ಯವು ವಿಧಿಸುತ್ತದೆ. ಹೊಟ್ಟೆಪಾಡಿಗೆಂದು ಈ ನಾಡಿಗೆ ಬಂದು ನೆಲಸಿದ ನಾವು ಇವೆರಡನ್ನೂ ಬಲ್ಲವರಾಗಿರುವುದು ಒಳಿತು.

ಮೊದಲು ವಿಜಯವಾಡದ ಮಾತನ್ನೇ ನೋಡೋಣ. ಅದಿನ್ನೂ ಬೆಜವಾಡವಾಗಿದ್ದ ಕಾಲದಲ್ಲಿ ಗಾಡಿಚರ್ಲ ಹರಿಸರ್ವೋತ್ತಮ ರಾಯರು ಅಲ್ಲಿಂದ ‘ಸ್ವರಾಜ್ಯ’ ಎಂಬ ತೆಲುಗು ವಾರಪತ್ರಿಕೆಯನ್ನು ಹೊರಡಿಸುತ್ತಿದ್ದರು. 1908ರಲ್ಲಿ ತಿರುನೆಲ್ವೇಲಿಯ ಗೋಳೀಬಾರನ್ನು ಖಂಡಿಸಿ ಬರೆದ ಲೇಖನಕ್ಕಾಗಿ ಅವರ ಮೇಲೆ ರಾಜದ್ರೋಹದ ಆಪಾದನೆ ಬಂದಿತು. ಕೆಳಗಿನ ನ್ಯಾಯಾಲಯವು ಆರು ತಿಂಗಳ ಸಜೆ ವಿಧಿಸಿತು. ಮದರಾಸು ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ರಾಯರು ವೆಲ್ಲೂರಿನ ಸೆರೆಮನೆಯನ್ನು ಕಾಣಬೇಕಾಯಿತು. ಲೇಖನವೂ ಒಂದೇ, ಕಲಮೂ ಒಂದೇ; ಶಿಕ್ಷೆ ಮಾತ್ರ ಆರು ಪಟ್ಟು. ಸಂಹಿತೆಯು ಸಾಮಾನ್ಯವಾಗಿ ಶಿಕ್ಷೆಯ ಮೇಲೆಲ್ಲೆಯನ್ನು ಗೊತ್ತುಮಾಡುತ್ತದೆ, ಅದರೊಳಗೆ ಎಷ್ಟೆಂಬುದು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು ಎಂಬ ತತ್ತ್ವವು ಅಂದಿಗೂ ಇಂದಿಗೂ ಒಂದೇ.

ಆ ಕಾಲದಲ್ಲಿ ಕನ್ನಡಿಗರ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ತೆಲುಗು, ತಮಿಳು, ಮಲೆಯಾಳ ಸೀಮೆಗಳ ಸತ್ಯಾಗ್ರಹಿಗಳನ್ನು ಬಳ್ಳಾರಿಯ ಅಲ್ಲೀಪುರ ಜೈಲಿಗೆ ತಂದು ಕೂಡಿದರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿಯು ಮೈಸೂರಿಗೆ ಬಂದಾಗ ಅಲ್ಲೀಪುರವೂ ನಮ್ಮ ಕಡೆಗೆ ಉಳಿಯಿತು.

ಬ್ರಿಟಿಷರ ಶಿಕ್ಷೆಗಳಲ್ಲಿ ಛಡಿಯೇಟೂ ಕಾಲಾಪಾನಿಯೂ ಇದ್ದುವು. ವಿಶಾಖಪಟ್ಟಣದ ಮಲೆನಾಡಿನಲ್ಲಿ 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ನಡೆಸಿದ ಬಂಡಾಯದಲ್ಲಿ ಬಲಗೈಯಂತಿದ್ದ ಗಾಂ ಮಲ್ಲುದೊರೆ ಅಂಡಮಾನಿನ ಸೆರೆಯನ್ನು ಅನುಭವಿಸಿ ಬಂದವರು. 1952ರ ಮೊದಲ ಮಹಾಚುನಾವಣೆಯಲ್ಲಿ ಅವರೇ ವಿಶಾಖಪಟ್ಟಣದಿಂದ ಲೋಕಸಭೆಗೆ ಆರಿಸಿಬಂದರು! ಛಡಿಯೇಟನ್ನೂ ಗಡೀಪಾರು ಶಿಕ್ಷೆಯನ್ನೂ 1955ರ ಕಾಯಿದೆಗಳು ತೆಗೆದುಹಾಕಿದುವು. ಗಡೀಪಾರಿನ ಸ್ಥಾನಕ್ಕೆ ಜೀವಾವಧಿ ಸಜೆ ಬಂದಿತು.

ಶಿಕ್ಷೆಗಳು ಬದಲಾದರೂ ಸೆರೆಮನೆಯ ಆಡಳಿತವು ಬಹುಕಾಲ 1894ರ ಕಾರಾಗೃಹ ಕಾಯಿದೆಯ ಹಾದಿಯಲ್ಲೇ ಸಾಗಿತು. ಮೈಸೂರು 1963ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಆಂಧ್ರ ಪ್ರದೇಶವು ಹಳೆಯ ಕಾಯಿದೆಯ ಅಡಿಯಲ್ಲೇ 1979ರಲ್ಲಿ ನಿಯಮಗಳನ್ನು ರಚಿಸಿತು. ಆದರೆ ಕೈದಿಯು ಮನುಷ್ಯನಾಗಿ ಏನನ್ನು ಉಳಿಸಿಕೊಂಡಿರುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಬಂದುದು ಈ ನಿಯಮಗಳಿಂದಲ್ಲ, ವಿಶಾಖಪಟ್ಟಣದ ಒಂದು ಮೊಕದ್ದಮೆಯಿಂದ.

ಇಂದು ನಾವು ಮಕ್ಕಳೊಡನೆ ವಿಹರಿಸುವ ಸೆಂಟ್ರಲ್ ಪಾರ್ಕಿನ ನೆಲದಲ್ಲಿ ಹಿಂದೆ ಕೇಂದ್ರ ಕಾರಾಗೃಹವಿದ್ದಿತು; ಆಮೇಲೆ ಅದು ಅಡವಿವರಂಗೆ ಹೋಯಿತು. ಆ ಹಳೆಯ ಜೈಲಿನಲ್ಲಿದ್ದ ನಕ್ಸಲೀಯ ಬಂದಿಗಳು, ಗೋಡೆಯ ಮೇಲೆ ಹರಿಯಿಸಿದ್ದ ವಿದ್ಯುತ್ ತಂತಿಯನ್ನೂ ಸುತ್ತಲಿನ ಸಶಸ್ತ್ರ ಪಹರೆಯನ್ನೂ ಆಕ್ಷೇಪಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಇದೇ ಭುವನಮೋಹನ ಪಟ್ನಾಯಕ್ ಮೊಕದ್ದಮೆ. 1974ರಲ್ಲಿ ತೀರ್ಪಾಯಿತು. ತಪ್ಪಿಸಿಕೊಂಡು ಹೋಗುವ ಹಕ್ಕು ಯಾರಿಗೂ ಇಲ್ಲವಾದುದರಿಂದ ಬಂದಿಗಳ ಅರ್ಜಿ ವಜಾ ಆಯಿತು. ಆದರೂ, ಅಪರಾಧಿಯೆಂದು ಸ್ಥಿರಪಟ್ಟ ಮಾತ್ರಕ್ಕೆ ಮನುಷ್ಯನು ಮೂಲಭೂತ ಹಕ್ಕುಗಳನ್ನೆಲ್ಲ ಕಳೆದುಕೊಳ್ಳುವುದಿಲ್ಲವೆಂದು ನ್ಯಾಯಾಲಯವು ಸ್ಪಷ್ಟವಾಗಿ ಸಾರಿತು. ಸೋತ ಅರ್ಜಿಯಿಂದ ದೇಶದ ಕೈದಿಗಳೆಲ್ಲರಿಗೂ ದೊರೆತ ಲಾಭವಿದು. ಕರ್ನೂಲು ಜಿಲ್ಲೆಯ ಕೋಯಿಲಕುಂಟ್ಲ ಉಪಕಾರಾಗೃಹದಲ್ಲಿ 1977ರಲ್ಲಿ ಹೊರಗಿನವರು ಎಸೆದ ಬಾಂಬಿಗೆ ಬಂದಿಯೊಬ್ಬನು ಬಲಿಯಾದನು. ಸೆರೆಯಲ್ಲಿಟ್ಟವನ ಪ್ರಾಣಕ್ಕೆ ಸರ್ಕಾರವೇ ಹೊಣೆಯೆಂಬುದನ್ನು ಸುಪ್ರೀಂ ಕೋರ್ಟು 2000ದಲ್ಲಿ ಎತ್ತಿಹಿಡಿಯಿತು.

ಇನ್ನು ಇಂದಿನ ಸ್ಥಿತಿ. 2024ರ ಜುಲೈ 1ರಿಂದ 1860ರ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಮರಣದಂಡನೆ, ಜೀವಾವಧಿ ಸಜೆ, ಕಠಿಣ ಅಥವಾ ಸಾದಾ ಸಜೆ, ಆಸ್ತಿ ಮುಟ್ಟುಗೋಲು, ಜುಲ್ಮಾನೆ ಇವುಗಳ ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆ ಸೇರಿದೆ. 5,000 ರೂಪಾಯಿಗೂ ಕಡಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ಅದನ್ನು ಹಿಂತಿರುಗಿಸಿದರೆ ಅವನಿಗೆ ಈ ಶಿಕ್ಷೆಯೇ ಸಲ್ಲುತ್ತದೆ. ಜೀವಾವಧಿಯೆಂದರೆ ಹದಿನಾಲ್ಕು ವರ್ಷವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಸರ್ಕಾರವು ಮಾಫಿ ಕೊಡದ ಹೊರತು ಅದು ಬದುಕಿನ ಕೊನೆಯವರೆಗಿನ ಸೆರೆ. ಮರಣದಂಡನೆಗೂ ಅವಕಾಶವಿದ್ದ ಅಪರಾಧಗಳಲ್ಲಿ ಹದಿನಾಲ್ಕು ವರ್ಷ ತುಂಬುವ ಮೊದಲು ಸಾಮಾನ್ಯ ಮಾಫಿಯಿಂದ ಬಿಡುಗಡೆಯಿಲ್ಲ. ತುಂಬಿದ ಮಾತ್ರಕ್ಕೆ ಬಿಡುಗಡೆಯೂ ತಾನಾಗಿ ಬರುವುದಿಲ್ಲ.

ಸೆರೆಮನೆಯಲ್ಲಿರುವವರೆಲ್ಲ ಶಿಕ್ಷೆಗೊಳಗಾದವರೆಂದೂ ತಿಳಿಯಬಾರದು. ನಮ್ಮ ದೇಶದ ಜೈಲುಗಳಲ್ಲಿ ವಿಚಾರಣೆಯನ್ನು ಕಾಯುತ್ತಿರುವವರೇ ಹೆಚ್ಚು. ಮೊದಲ ಬಾರಿ ಆಪಾದನೆಗೊಳಗಾದವನು ಆ ಅಪರಾಧದ ಗರಿಷ್ಠ ಸಜೆಯ ಮೂರನೆಯ ಒಂದು ಭಾಗವನ್ನು ವಿಚಾರಣೆಯಲ್ಲೇ ಕಳೆದರೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಹೊಂದಲು ಹೊಸ ಕಾಯಿದೆ ದಾರಿ ಮಾಡಿದೆ. ಮರಣದಂಡನೆ ಅಥವಾ ಜೀವಾವಧಿ ಸಜೆಗೆ ಗುರಿಯಾಗುವ ಅಪರಾಧಗಳಿಗೂ, ಹಲವು ಮೊಕದ್ದಮೆಗಳಿರುವವರಿಗೂ ಇದು ಅನ್ವಯಿಸದು.

ಪರಸ್ಥಳದ ಕನ್ನಡಿಗನಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ಹೋಟೆಲಿನ ಕೆಲಸಕ್ಕೋ ಲಾರಿ ಓಡಿಸಲೋ ಬಂದ ಹುಡುಗನು ತೆಲುಗಿನ ಕಾಗದಕ್ಕೆ ಅರ್ಥ ತಿಳಿಯದೆ ರುಜು ಹಾಕಿದರೆ ಮುಂದೆ ಪಡುವ ಪಾಡು ಅವನೊಬ್ಬನದೇ ಅಲ್ಲ, ಊರಿನಲ್ಲಿ ಕಾಯುವ ತಾಯಿತಂದೆಗಳದೂ ಹೌದು. ದಸ್ತಗಿರಿಯ ಕಾರಣ ತಿಳಿಯುವ, ವಕೀಲರನ್ನು ಹೊಂದುವ, ದಾರಿಯ ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ತಿಳಿಯದ ಭಾಷೆಯಲ್ಲಿ ನಡೆದ ಸಾಕ್ಷ್ಯವನ್ನು ಆಪಾದಿತನಿಗೆ ತಿಳಿಯುವ ಭಾಷೆಯಲ್ಲಿ ಅರ್ಥೈಸಬೇಕೆಂದು ಕಾಯಿದೆ ಹೇಳುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವವನಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಸಾಕು.

ಆದರೆ ಹಕ್ಕು ಉಂಟೆಂಬುದನ್ನು ಅವನ ನುಡಿಯಲ್ಲಿ ಹೇಳುವವರು ಯಾರು? ಇಲ್ಲಿ ಸಂಘದ ಕೆಲಸವಿದೆ. ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಕನ್ನಡ, ತೆಲುಗು ಎರಡನ್ನೂ ಬಲ್ಲ ನಾಲ್ವರು ತಮ್ಮ ಹೆಸರು ಕೊಟ್ಟರೆ ಸಾಕು. ತಪ್ಪು ಒಪ್ಪುಗಳನ್ನು ನ್ಯಾಯಾಲಯವು ತೀರ್ಮಾನಿಸಲಿ. ಅಲ್ಲಿಯವರೆಗೆ ಕನ್ನಡದ ಒಂದು ದನಿ ಅವನ ಪಕ್ಕದಲ್ಲಿರಲಿ. ಮುಂದಿನ ರಾಜ್ಯೋತ್ಸವದೊಳಗೆ ಆ ಪಟ್ಟಿ ಸಿದ್ಧವಾಗಲೆಂದು ನಾವು ಹಾರೈಸುತ್ತೇವೆ.