ಕಳಚದೆ ಉಳಿದ ಅಚ್ಚು: ಫೋಮ್-ಕಾಂಕ್ರೀಟ್ ಗೋಡೆಯ ಇತಿಹಾಸ

ಹಸಿ ಕಾಂಕ್ರೀಟಿಗೆ ಸ್ವಂತ ಆಕಾರವಿಲ್ಲ. ಅದನ್ನು ಗೋಡೆಯಾಗಿ ನಿಲ್ಲಿಸಬೇಕಾದರೆ ಮೊದಲು ಸೆಂಟ್ರಿಂಗ್ ಕಟ್ಟಬೇಕು, ಗಟ್ಟಿಯಾದ ಮೇಲೆ ಬಿಚ್ಚಬೇಕು. ಕೂಲಿ ದುಬಾರಿಯಾದ ದೇಶಗಳಲ್ಲಿ ಈ ಕಟ್ಟುವ-ಬಿಚ್ಚುವ ಕೆಲಸದ ಖರ್ಚು ಒಳಗೆ ಸುರಿಯುವ ಕಾಂಕ್ರೀಟಿನ ಬೆಲೆಯನ್ನೇ ಮೀರುವುದುಂಟು. ಬಿಚ್ಚುವ ಗೋಜೇ ಬೇಡ, ಅಚ್ಚು ಗೋಡೆಯಲ್ಲೇ ಇರಲಿ ಎಂಬ ಆಲೋಚನೆಯಿಂದ ಬಂದದ್ದು ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್, ಚಿಕ್ಕದಾಗಿ ಐಸಿಎಫ್. ಟೊಳ್ಳಾದ ಫೋಮ್ ಬ್ಲಾಕುಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಕಂಬಿ ಇಟ್ಟು, ಕಾಂಕ್ರೀಟು ಸುರಿದರೆ ಗೋಡೆ ಮುಗಿಯಿತು. ಫೋಮು ಎರಡೂ ಬದಿಗೆ ಅಲ್ಲೇ ಉಳಿಯುತ್ತದೆ.

ಇಂದು ಇದನ್ನು ಇಂಧನ ಉಳಿಸುವ ತಂತ್ರಜ್ಞಾನವೆಂದೇ ಮಾರುತ್ತಾರೆ. ಇದರ ಚರಿತ್ರೆಯನ್ನು ಕೆದಕಿದರೆ ಕಾಣುವ ಕ್ರಮ ಬೇರೆ. ಮುಖ್ಯವಾಗಿ ಇದು ಹುಟ್ಟಿದ್ದು ಅಚ್ಚಿನ ಖರ್ಚನ್ನು ತಪ್ಪಿಸಲು. ಶಾಖನಿರೋಧದ ಗುಣ ಕಾಲಕ್ಕೆ ತಕ್ಕಂತೆ ಮುಂದೆ ಬಂದ ಸಮರ್ಥನೆ. ಅಮೆರಿಕದಲ್ಲಿ ಇದು ಕಾಲೂರಿದ್ದರಲ್ಲಿ ಬಿರುಗಾಳಿಯ ಭಯಕ್ಕೂ ದೊಡ್ಡ ಪಾಲಿದೆ.

ಅಚ್ಚಿನ ಸಮಸ್ಯೆ ಎಷ್ಟು ಹಟಮಾರಿಯದು ಎಂಬುದಕ್ಕೆ ಥಾಮಸ್ ಎಡಿಸನ್ನನೇ ಸಾಕ್ಷಿ. ಇಡೀ ಮನೆಯನ್ನು ಒಂದೇ ಉಸಿರಿಗೆ ಎರಕ ಹೊಯ್ಯುವ ವಿಧಾನಕ್ಕೆ ಅವನು 1908ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಅದು ಮಂಜೂರಾದದ್ದು 1917ರಲ್ಲಿ. ನ್ಯೂಜೆರ್ಸಿಯ ಯೂನಿಯನ್ ಎಂಬ ಊರಿನಲ್ಲಿ ಅಂಥ ಕೆಲವು ಮನೆಗಳು ಎದ್ದವು. ಕಾಂಕ್ರೀಟು ಅಗ್ಗವಾಗಿತ್ತು, ಆದರೆ ಎರಕದ ಕಬ್ಬಿಣದ ಅಚ್ಚುಗಳ ಬೆಲೆ ಮತ್ತು ಭಾರವನ್ನು ನೋಡಿ ಕಂಟ್ರಾಕ್ಟರುಗಳು ಹಿಂದೆ ಸರಿದರು. ಬಡವರ ಮನೆಯ ಕನಸು ಅಚ್ಚಿನ ಬಳಿಯೇ ನಿಂತಿತು.

ಉಳಿಯುವ ಅಚ್ಚು ಮೊದಲು ಗಟ್ಟಿಯಾಗಿ ರೂಪುಗೊಂಡದ್ದು ಫೋಮಿನಲ್ಲಲ್ಲ, ಮರದ ಚೂರಿನಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದ ಕೊನೆಗೆ ಡ್ಯೂರಿಸಾಲ್ ಎಂಬ ವಸ್ತು ಬಂತು. ಮರದ ಚೂರುಗಳಿಗೆ ಖನಿಜದ ಸಂಸ್ಕಾರ ಕೊಟ್ಟು ಸಿಮೆಂಟಿನೊಂದಿಗೆ ಕಲಸಿ ಮಾಡಿದ ಟೊಳ್ಳು ಬ್ಲಾಕು ಅದು. ಅದು ಕೊಳೆಯುವುದಿಲ್ಲ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಗರಗಸಕ್ಕೆ ಸಿಗುತ್ತದೆ, ಮೊಳೆ ಹಿಡಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ಮನೆಗಳನ್ನು ಬೇಗ ಬೇಗ ಎಬ್ಬಿಸಬೇಕಾಗಿತ್ತು. ಒಳ್ಳೆಯ ಮರಕ್ಕೂ ನುರಿತ ಬಡಗಿಗೂ ಬರವಿತ್ತು. ಗರಗಸದ ಮಿಲ್ಲಿನ ತ್ಯಾಜ್ಯ ಆಗ ಬಂಡವಾಳವಾಯಿತು. 1950ರ ದಶಕದಲ್ಲಿ ಈ ಬ್ಲಾಕು ಕೆನಡಾಕ್ಕೂ ಹೋಯಿತು.

ಫೋಮಿನ ಕಥೆ ಆರಂಭವಾಗುವುದು ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ. ಅಲ್ಲಿನ ಫ್ರಿಟ್ಜ್ ಸ್ಟಾಸ್ನಿ ಎಂಬ ವಿಜ್ಞಾನಿ 1949ರ ಸುಮಾರಿಗೆ ಉಬ್ಬುವ ಪಾಲಿಸ್ಟೈರೀನ್ ಮಣಿಗಳನ್ನು ಕಂಡುಹಿಡಿದರು. ಕಂಪನಿ ಅದನ್ನು ಸ್ಟೈರೋಪೋರ್ ಎಂದು ಮಾರಿತು; ನಮ್ಮ ಜನ ಥರ್ಮೊಕೋಲ್ ಎನ್ನುವುದು ಈ ಜಾತಿಯ ಫೋಮಿಗೇ. ಹಬೆ ಕೊಟ್ಟರೆ ಮಣಿ ಹಲವು ಪಟ್ಟು ಉಬ್ಬಿ ಅಕ್ಕಪಕ್ಕದ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಗಾತ್ರದ ಬಹುಪಾಲು ಗಾಳಿಯೇ ಆದ್ದರಿಂದ ಶಾಖ ದಾಟುವುದು ಕಷ್ಟ. ಬೇಕಾದ ಅಚ್ಚಿನಲ್ಲಿ ಬೇಕಾದ ಆಕಾರಕ್ಕೆ ಉಬ್ಬಿಸಬಹುದು.

ಈ ಎರಡು ಎಳೆಗಳನ್ನು ಕೂಡಿಸಿದವರು ವರ್ನರ್ ಗ್ರೆಗೊರಿ ಎಂಬ ಕೆನಡಾದ ಕಟ್ಟಡ ಕಂಟ್ರಾಕ್ಟರು. 1966ರಲ್ಲಿ ಅವರು ಪೇಟೆಂಟ್ ಅರ್ಜಿ ಸಲ್ಲಿಸಿದ ಬ್ಲಾಕು 48 ಇಂಚು ಉದ್ದ, 16 ಇಂಚು ಎತ್ತರದ್ದು. ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದರಲ್ಲಿ ತೋಡು. ಮೇಲಿನದು ಕೆಳಗಿನದರೊಳಗೆ ಕಚ್ಚಿ ಕೂರುತ್ತದೆ. ಎರಡು ಫೋಮ್ ಹಲಗೆಗಳನ್ನು ಲೋಹದ ಪಟ್ಟಿಗಳು ಹಿಡಿದಿರುತ್ತವೆ. ಒಳಗಿನ ಟೊಳ್ಳು ಅಡ್ಡ-ಉದ್ದ ಕಾಲುವೆಗಳಾಗಿದ್ದು, ಕಾಂಕ್ರೀಟು ಗಟ್ಟಿಯಾದಾಗ ದೊಡ್ಡ ಜಾಲರಿಯ ಆಕಾರ ತಾಳುತ್ತದೆ. ಲೋಹದ ಪಟ್ಟಿಗಳು ಶಾಖಕ್ಕೆ ಸೇತುವೆಯಾದವೆಂದು ಮುಂದೆ ಅನೇಕ ತಯಾರಕರು ಪ್ಲಾಸ್ಟಿಕ್ಕಿಗೆ ತಿರುಗಿದರು. ಜಾಲರಿಗೆ ಬದಲು ಒಂದೇ ದಪ್ಪದ ಚಪ್ಪಟೆ ಗೋಡೆ ರೂಢಿಗೆ ಬಂತು. ಬಿಡಿಸಿ ನೋಡಿದರೆ ಇವತ್ತಿನ ಬ್ಲಾಕೂ ಅದೇ ಕುಲದ್ದು.

ಆದರೂ ಮೇಸ್ತ್ರಿಗಳು ಇದನ್ನು ಬೇಗ ಒಪ್ಪಲಿಲ್ಲ. ಕಾರಣ ಸರಳ ಭೌತಶಾಸ್ತ್ರ. ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕಿಲೋ. ಹಸಿಯಾಗಿರುವಾಗ ಅದು ನೀರಿನಂತೆ ಪಕ್ಕಕ್ಕೂ ಒತ್ತುತ್ತದೆ, 1.2 ಮೀಟರು ಎತ್ತರ ಸುರಿದರೆ ಬುಡದ ಪ್ರತಿ ಚದರ ಮೀಟರಿನ ಮೇಲೆ ಮೂರು ಟನ್ನಿನಷ್ಟು ಒತ್ತಡ ಬೀಳಬಹುದು. ಬೆರಳಿನಿಂದ ಚುಚ್ಚಿದರೆ ತೂತಾಗುವ ಫೋಮು ಇದನ್ನು ತಡೆಯಬೇಕು. ಆದ್ದರಿಂದ ಗೋಡೆಯನ್ನು ಒಮ್ಮೆಲೇ ತುಂಬುವಂತಿಲ್ಲ. ಮೂರು-ನಾಲ್ಕು ಅಡಿ ಸುರಿದು ಇಡೀ ಮನೆಗೆ ಒಂದು ಸುತ್ತು ಬರಬೇಕು, ಹಿಂದಿರುಗುವಷ್ಟರಲ್ಲಿ ಕೆಳಗಿನದು ಬಿಗಿಯತೊಡಗಿರಬೇಕು. ಆತುರಪಟ್ಟರೆ, ಇಲ್ಲವೇ ವೈಬ್ರೇಟರನ್ನು ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ, ಮೂಲೆಯಲ್ಲೋ ಕಿಟಕಿಯ ಪಕ್ಕದಲ್ಲೋ ಫೋಮು ಸಿಡಿದು ಕಾಂಕ್ರೀಟು ಅಂಗಳಕ್ಕೆ ಹರಿಯುತ್ತದೆ. ವೈಬ್ರೇಟರು ಹಿಡಿಯದೇ ಬಿಟ್ಟರೆ ಒಳಗೆ ಪೊಳ್ಳು ಉಳಿಯುತ್ತದೆ, ಮತ್ತು ಫೋಮು ಮುಚ್ಚಿರುವುದರಿಂದ ಆ ಪೊಳ್ಳು ಕಣ್ಣಿಗೆ ಬೀಳುವುದಿಲ್ಲ. ಈ ಎರಡನೆಯ ದೋಷವೇ ಹೆಚ್ಚು ಅಪಾಯದ್ದು. ಇದಕ್ಕೆದುರು ಒಂದು ಲಾಭವೂ ಉಂಟು: ಫೋಮು ತೇವವನ್ನು ಹಿಡಿದಿಡುವುದರಿಂದ ಗೋಡೆಗೆ ದಿನವೂ ನೀರು ಹೊಡೆಯದೆ ಕ್ಯೂರಿಂಗ್ ನಡೆಯುತ್ತದೆ.

1973ರ ತೈಲ ಬಿಕ್ಕಟ್ಟು ಶಾಖನಿರೋಧವನ್ನು ರಾಜಕೀಯ ವಿಷಯವಾಗಿಸಿತು. ಐಸಿಎಫ್ ಆಗಲೇ ಗೆದ್ದಿತು ಎಂದು ಪ್ರಚಾರ ಸಾಹಿತ್ಯ ಸೂಚಿಸುತ್ತದೆ. ನನಗೆ ಅದು ಒಪ್ಪಿಗೆಯಾಗದು. 1977ರಲ್ಲಿ ಕೆನಡಾದ ರೆಜೈನಾ ನಗರದಲ್ಲಿ ಕಟ್ಟಿದ ಸಸ್ಕ್ಯಾಚೆವಾನ್ ಕನ್ಸರ್ವೇಶನ್ ಹೌಸ್ ಮರದ ಚೌಕಟ್ಟಿನದು. ದಪ್ಪ ನಿರೋಧಕ ಪದರ ಮತ್ತು ಗಾಳಿ ಸೋರದ ಕಟ್ಟೋಣದಿಂದಲೇ ಅಲ್ಲಿನ ಕಡುಚಳಿಯನ್ನು ಎದುರಿಸಿತು. ಬೆಚ್ಚಗಿರಲು ಕಾಂಕ್ರೀಟು ಅನಿವಾರ್ಯವಲ್ಲ ಎಂಬುದು ಅಲ್ಲಿಗೆ ರುಜುವಾತಾಯಿತು.

ಕಾಂಕ್ರೀಟಿಗಷ್ಟೇ ಕೊಡಲಾಗುವ ಉತ್ತರವನ್ನು ಕೇಳಿದ್ದು ಗಾಳಿ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದ ದಕ್ಷಿಣ ಭಾಗದ ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು ಸುಮಾರು 7 ಕಿಲೋ ತೂಕದ ಮರದ ತುಂಡನ್ನು ಗಂಟೆಗೆ 160 ಕಿ.ಮೀ. ಮೀರಿದ ವೇಗದಲ್ಲಿ ಬಗೆಬಗೆಯ ಗೋಡೆಗಳಿಗೆ ಹಾರಿಸಿ ನೋಡಿದರು. ಮರದ ಚೌಕಟ್ಟಿನ ಗೋಡೆಗಳನ್ನು ಅದು ತೂರಿಕೊಂಡು ಹೋಯಿತು. ಐಸಿಎಫ್ ಗೋಡೆಯಲ್ಲಿ ಫೋಮು ಹರಿದು, ಕಾಂಕ್ರೀಟಿನ ಬಳಿ ನಿಂತಿತು. ತಯಾರಕರ ಸಂಘ ಹುಟ್ಟಿದ್ದೂ ಅದೇ ದಶಕದಲ್ಲಿ. 1998ರಲ್ಲಿ ಅಮೆರಿಕದ ವಸತಿ ಇಲಾಖೆಯ ಬೆಂಬಲದಿಂದ ನಿರ್ಮಾಣ ಕೈಪಿಡಿ ಬಂತು. ಪ್ರತಿ ಮನೆಗೂ ಎಂಜಿನಿಯರಿಂದ ಬೇರೆ ಲೆಕ್ಕ ಹಾಕಿಸುವ ಅಗತ್ಯ ಸಾಧಾರಣ ಮನೆಗಳ ಮಟ್ಟಿಗೆ ತಪ್ಪಿತು. ಜನ ಇಂಥ ಕೈಪಿಡಿಗಳನ್ನು ನೆನಪಿಡುವುದಿಲ್ಲ, ಆದರೆ ಕಟ್ಟಡ ವಿಧಾನಗಳ ಹಣೆಬರಹವನ್ನು ಬಹುಮಟ್ಟಿಗೆ ಬರೆಯುವುದು ಅವೇ.

ಇಂಧನದ ಲೆಕ್ಕವನ್ನು ಅಳೆದು ನೋಡಿದ್ದು ಆಮೇಲೆ. ಮೇರಿಲ್ಯಾಂಡಿನ ಚೆಸ್ಟರ್‌ಟೌನಿನಲ್ಲಿ ಅಕ್ಕಪಕ್ಕ ಕಟ್ಟಿದ ಮನೆಗಳನ್ನು ಹೋಲಿಸಿದಾಗ ಉಳಿತಾಯ ಶೇ. 20ರ ಆಸುಪಾಸು ಕಂಡಿತು. ಟೆನೆಸಿಯ ನಾಕ್ಸ್‌ವಿಲ್ಲಿನಲ್ಲಿ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಹೋಲಿಕೆಯಲ್ಲಿ ಸಿಕ್ಕದ್ದು ಶೇ. 5.5ರಿಂದ 8.5. ಹವಾಮಾನ, ಹೋಲಿಕೆಗಿಟ್ಟ ಮನೆಯ ಗುಣಮಟ್ಟ ಎರಡೂ ಅಂಕಿಯನ್ನು ಬದಲಿಸುತ್ತವೆ. ಅದೇ ಪ್ರಯೋಗಾಲಯದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಭಾರದ ಗೋಡೆ ಶಾಖವನ್ನು ಹೀರಿ ನಿಧಾನಕ್ಕೆ ಬಿಡುವ ಗುಣ ಪೂರ್ಣವಾಗಿ ಸಿಗುವುದು ನಿರೋಧಕ ಹೊರಗಿದ್ದು ಕಾಂಕ್ರೀಟು ಕೋಣೆಗೆ ಮುಖಮಾಡಿದಾಗ. ಎರಡು ಫೋಮುಗಳ ನಡುವೆ ಸಿಕ್ಕಿದ ಕಾಂಕ್ರೀಟು ಆ ಕೆಲಸವನ್ನು ಅರೆಬರೆ ಮಾಡುತ್ತದೆ. ಅಂದರೆ ಐಸಿಎಫ್‌ನ ಒಳಪದರ ಶಾಖದ ದೃಷ್ಟಿಯಿಂದ ಆದರ್ಶವಲ್ಲ. ಅದು ಅಚ್ಚಿನ ಎರಡನೆಯ ಬದಿಯಾದ್ದರಿಂದ ಅಲ್ಲಿದೆ. ಹುಟ್ಟಿನ ಗುರುತು ಗೋಡೆಯ ಅಡ್ಡಕೊಯ್ತದಲ್ಲೇ ಕಾಣುತ್ತದೆ.

ಬಾಳಿಕೆಯ ಹೆಗ್ಗಳಿಕೆಯೂ ಷರತ್ತುಬದ್ಧ. ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಆದರೆ ಅದರೊಳಗೆ ಸುರಂಗ ಕೊರೆದು ಕಾಣದಂತೆ ಚಾವಣಿಯ ಮರ ತಲುಪುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳು ಮಣ್ಣಿಗೆ ತಾಗುವ ಫೋಮಿನ ಮೇಲೆ ನಿರ್ಬಂಧ ಹೇರಿದ್ದು ಇದಕ್ಕಾಗಿ. 100 ಡಿಗ್ರಿಯ ಆಸುಪಾಸಿನಲ್ಲೇ ಫೋಮು ಮೆತ್ತಗಾಗುತ್ತದಾದ್ದರಿಂದ ಕೋಣೆಯ ಬದಿಗೆ ಜಿಪ್ಸಮ್ ಹಲಗೆ ಬೇಕು. ಉರಿ ತಡೆಯಲು ದಶಕಗಟ್ಟಲೆ ಬೆರೆಸಿದ ಎಚ್‌ಬಿಸಿಡಿ ರಾಸಾಯನಿಕವನ್ನು 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಲಾಯಿತು.

ನಮ್ಮ ನೆಲದಲ್ಲಿ ಈ ಗೋಡೆಯ ಲೆಕ್ಕ ಬದಲಾಗುತ್ತದೆ. ಎರಡೂ ಬದಿ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಶಾಖ ದಾಟಿಸುವ ಪ್ರಮಾಣ, ಅಂದರೆ ಯು-ಮೌಲ್ಯ, ಸುಮಾರು 2. ಎರಡೂವರೆ ಇಂಚಿನ ಎರಡು ಫೋಮ್ ಪದರಗಳ ಗೋಡೆಯದು 0.3ಕ್ಕಿಂತ ಕಡಿಮೆ. ಮೇ ತಿಂಗಳಿನಲ್ಲಿ ಎಸಿ ಓಡಿಸುವ ಕಲಬುರಗಿಯ ಆಸ್ಪತ್ರೆಗೆ ಈ ವ್ಯತ್ಯಾಸ ದೊಡ್ಡದು. ಕಿಟಕಿ ತೆರೆದರೆ ಸಾಕಾಗುವ ಬೆಂಗಳೂರಿನ ಒಂದಂತಸ್ತಿನ ಮನೆಗೆ ಬಿಸಿ ಇಳಿಯುವುದು ಮುಖ್ಯವಾಗಿ ತಾರಸಿಯಿಂದ. ಅಲ್ಲಿ ಫೋಮನ್ನು ಗೋಡೆಗಿಂತ ತಾರಸಿಗೆ ಹಾಕುವುದೇ ಲೇಸು. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಇಟ್ಟಿಗೆಯ ಎರಡಂತಸ್ತಿಗೆ 2.92, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಎರಡಂತಸ್ತಿಗೆ 1.61 ಗಿಗಾಜೂಲ್ ಶಕ್ತಿ ಕಟ್ಟುವಾಗಲೇ ಖರ್ಚಾಗುತ್ತದೆ. ಕರೆಂಟ್ ಬಿಲ್ಲಿನಲ್ಲಿ ಉಳಿಸುವುದಕ್ಕೆ ಹೆಚ್ಚೇನೂ ಇಲ್ಲದ ಹವೆಯಲ್ಲಿ ಸಿಮೆಂಟಿನ ಈ ಸಾಲವನ್ನು ಫೋಮು ತೀರಿಸಲಾರದು.

ಭಾರತ ಸರ್ಕಾರ 2021ರ ಜನವರಿ 1ರಂದು ಶಂಕುಸ್ಥಾಪನೆ ಮಾಡಿದ, ಲೈಟ್ ಹೌಸ್ ಎಂದು ಕರೆದ ಆರು ಮಾದರಿ ವಸತಿ ಯೋಜನೆಗಳಲ್ಲಿ ಲಖನೌದ್ದೂ ಒಂದು. ಅಲ್ಲಿನ 1,040 ಮನೆಗಳಿಗೆ ಆರಿಸಿಕೊಂಡದ್ದು ಕಳಚದ ಅಚ್ಚನ್ನೇ, ಆದರೆ ಫೋಮಿನದ್ದಲ್ಲ, ಪಿವಿಸಿಯದ್ದು. ಉಕ್ಕಿನ ಚೌಕಟ್ಟಿನ ನಡುವೆ ಅದನ್ನು ನಿಲ್ಲಿಸಿ ಕಾಂಕ್ರೀಟು ತುಂಬುತ್ತಾರೆ. ಪಿವಿಸಿಯ ತೆಳು ತೊಗಲು ಬಿಸಿಲನ್ನು ತಡೆಯುವುದು ಅಷ್ಟಕ್ಕಷ್ಟೇ. ಅದು ಉಳಿಸುವುದು ಸೆಂಟ್ರಿಂಗ್ ಬಿಚ್ಚುವ ಕೆಲಸ ಮತ್ತು ಗಾರೆಯ ಕೂಲಿಯನ್ನು.